ಹೊನ್ನಯ್ಯನ ಮೂರನೇ ಕಾಗದ

ಯುದ್ಧ ನಡೆದಿದ್ದ ವರ್ಷ. ಮಳೆ ಹಿಂದೆ ಸರಿದು ಗದ್ದೆಗಳಲ್ಲಿ ಭತ್ತ ಹೊಡೆ ಬಿಟ್ಟಿತ್ತು. ಭದ್ರಾವತಿ ರಸ್ತೆಯ ಹೆಂಚಿನ ಕಾರ್ಖಾನೆಯ ಗುಂಡಿಯಲ್ಲಿ ನಾವು ಜೇಡಿಮಣ್ಣು ಅಗೆಯುತ್ತಿದ್ದೆವು. ಹೊನ್ನಯ್ಯ ನಾಲ್ಕು ಗುದ್ದಲಿ ಹಾಕಿ ನಿಲ್ಲುತ್ತಿದ್ದ, ಮತ್ತೆ ಅಗೆಯುತ್ತಿದ್ದ. ಮುಂಗಾರಿನ ಮೊದಲ ಮಳೆಗೆ ಇದೇ ಗುಂಡಿಯ ಅಂಚಿನ ದರೆ ಕುಸಿದು ಅವನ ಎಡಗಾಲು ಮುರಿದಿತ್ತು. ನಾಟಿ ವೈದ್ಯ ಹಾಕಿದ ಕಟ್ಟಿನಲ್ಲಿ ಮೂಳೆ ಸೊಟ್ಟಗೆ ಕೂಡಿತ್ತು.

ಆಮೇಲೆ ಅವನ ಹೆಸರಿಗೆ ಕಾಗದಗಳು ಶುರುವಾದವು. ತಡವಾಗಿ ಬಂದ ಅಂತ ಒಂದು. ಕೆಲಸದ ಹೊತ್ತಲ್ಲಿ ಕೂತ ಅಂತ ಇನ್ನೊಂದು. ಗುಮಾಸ್ತ ಗೋವಿಂದಯ್ಯ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು.

"ಬೈದ್ರೆ ಸಾಲ್ದಾ ಅಯ್ನೋರೆ? ಇದೆಲ್ಲ ಯಾಕೆ?" ಹೊನ್ನಯ್ಯ ಕೇಳಿದ.

"ಬೈದಿದ್ದು ಗಾಳಿಗೆ ಹೋಗುತ್ತೆ ಮಾರಾಯ. ಎಚ್ಚರಿಕೆ ಬರವಣಿಗೇಲೇ ಇರ್ಬೇಕಂತೆ. ಮೂರಾದ ಮೇಲೇ ಕೆಲ್ಸದಿಂದ ತೆಗೀಬಹುದಂತೆ."

ಭೂಮಿ ಹುಣ್ಣಿಮೆ ಬಂತು. ಅವತ್ತು ಭೂಮ್ತಾಯಿ ಬಸುರಿ. ಅವಳ ಮೈಗೆ ಗುದ್ದಲಿ ತಾಗಿಸುವವರು ನಮ್ಮ ಸೀಮೆಯಲ್ಲಿ ಇಲ್ಲ. ರಜೆ ಅಂತ ಯಾರೂ ಸಾರಬೇಕಿರಲಿಲ್ಲ. ನಾವ್ಯಾರೂ ಗುಂಡಿಗೆ ಇಳಿಯಲಿಲ್ಲ. ಕಾರ್ಖಾನೆಯ ಸಾಹುಕಾರ ಷಡಕ್ಷರಪ್ಪನೂ ಎಡೆಯ ಅನ್ನ ಹಿಡಿದು ತನ್ನ ಗದ್ದೆಗೆ ಚರಗ ಚೆಲ್ಲಲು ಹೋಗಿದ್ದ.

ಮಾರನೆಯ ದಿನ ಗೋವಿಂದಯ್ಯ ಗುಂಡಿಯ ಅಂಚಿಗೆ ಬಂದರು. ಕೈಯಲ್ಲಿ ಒಂದೇ ಕಾಗದ.

"ಹೊನ್ನಯ್ಯ, ನಿನ್ನೆ ಹೇಳದೆ ಕೇಳದೆ ತಪ್ಪಿಸ್ಕೊಂಡೆ. ಇದು ಮೂರನೇದು. ಇನ್ನು ನಿಂಗೆ ಕೆಲ್ಸ ಇಲ್ಲ."

"ನಿನ್ನೆ ಹುಣ್ಣಿಮೆ ಅಲ್ವಾ?"

"ಕಾಯ್ದೆಗೆ ಹುಣ್ಣಿಮೆ ಗೊತ್ತಿಲ್ಲ."

"ನಿನ್ನೆ ಸಾವ್ಕಾರ್ರ ಗದ್ದೆಗೆ ಬಾಳೆಕಂಬ ಹೊತ್ತಾಕಿದ್ದು ನಾನೇ ಕಣ್ರಯ್ಯ! ಅವ್ರೇ ಹೇಳಿ ಕಳಿಸಿದ್ರು!" ಅಂದ ಹೊನ್ನಯ್ಯ.

"ಅವನ ಕಾಲಿನ ಪರಿಹಾರ?" ಪಕ್ಕದಲ್ಲಿ ಅಗೆಯುತ್ತಿದ್ದ ಉಜ್ಜನಪ್ಪ ಕೇಳಿದ.

ಗೋವಿಂದಯ್ಯ ಕಾಗದದಿಂದ ಕಣ್ಣು ಎತ್ತಲಿಲ್ಲ. "ಕಾಲು ಹೋಯ್ತು ಅಂತ ತೆಗೆದ್ರೆ ಕೊಡ್ಬೇಕು. ತಪ್ಪು ಮಾಡ್ದ ಅಂತ ತೆಗೆದ್ರೆ ಇಲ್ಲ. ಎಲ್ಲ ಕಾನೂನು ಪ್ರಕಾರ. ನಾನೂ ಸಂಬಳದವ್ನು ಕಣ್ರಪ್ಪ."

ಉಜ್ಜನಪ್ಪ ಗುದ್ದಲಿ ಕೆಳಗಿಟ್ಟ.

"ನಿನ್ನೆ ನಾನೂ ಬಂದಿರ್ಲಿಲ್ಲ. ನನ್ ಕಾಗ್ದ ಎಲ್ಲಿ?"

"ನಂದೆಲ್ಲಿ?" ಅಂದೆ ನಾನು. ಆ ಕಡೆಯಿಂದ ಇನ್ನೊಬ್ಬ, ಮತ್ತೊಬ್ಬ.

"ನಿಮಗ್ಯಾಕ್ರೋ? ನಿಮ್ಮನ್ನ ಯಾರು ತೆಗೀತಾರೆ?"

"ತಪ್ಪು ಒಂದೇ ಅಲ್ವಾ? ಬರ್ಕೊಡಿ."

ಹೊನ್ನಯ್ಯನ ಕಂಕುಳಿಗೆ ಕೈ ಕೊಟ್ಟು ಮೇಲಕ್ಕೆ ಎಳೆದುಕೊಂಡೆವು. ಮಣ್ಣುಗಾಲಲ್ಲೇ ಹೋಗಿ ಆಫೀಸಿನ ಬಾಗಿಲಿಗೆ ಅಡ್ಡ ಕೂತೆವು. ಬಿಸಿಲು ಏರಿತು. ಸಾಹುಕಾರ ಹೊಸಿಲಿಗೆ ಬಂದು ಕಿರುಚಿದ:

"ಮಣ್ಣಿಲ್ದೆ ಹೆಂಚಿನ ಅಚ್ಚು ನಿಂತಿದೆ! ಎಲ್ಲಾರ್ನೂ ಈಗಿಂದೀಗ್ಲೇ ತೆಗೆದುಹಾಕ್ತೀನಿ!"

ಉಜ್ಜನಪ್ಪ ಏಳಲಿಲ್ಲ.

"ಈಗಿಂದೀಗ ಆಗಲ್ಲ ಸಾವ್ಕಾರ್ರೆ. ಮೊದಲ್ನೇ ಎಚ್ಚರಿಕೆ ಬರೆಸಿ. ಆಮೇಲೂ ಎರಡು ಬಾಕಿ ಇರ್ತವೆ. ಅಷ್ಟರೊಳಗೆ ಇವನ ಕಾಲಿಂದು ಕೊಡಿ."