ಕೊರಳಿಗೆ ಡಾಲ್ಡಾ ಡಬ್ಬ

"ಎಂಜಲೋ! ನಿನ್ನೆಂಜಲು ನನ್ನ ಮಗಳ ಮದುವೆ ರಂಗೋಲಿ ಮೇಲೆ ಬಿತ್ತಲ್ಲೋ, ಮುಂಡೇಮಗನೆ!"

ಚಕ್ರಪಾಣಿಯವರು ಕೂಗಿದ ರಭಸಕ್ಕೆ ನಮ್ಮ ಬ್ಯಾಂಡ್ ಸೆಟ್ಟು ನಡುವೆಯೇ ನಿಂತಿತು. ಹೆಣ್ಣಿನ ತಂದೆ ಅವರೇ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೊಸ ಮನೆ. ಬೈಸಿಕೊಂಡವನು ನನ್ನ ತಮ್ಮ ಚಿಕ್ಕಬೈರಪ್ಪ, ತುತ್ತೂರಿ ಊದುತ್ತಾನೆ. ನಾನು ಬೋರಣ್ಣ, ಡೋಲು ಬಡಿಯುವವನು. ಯಡಿಯೂರು ಕೇರಿಯವರು ನಾವು.

ತುತ್ತೂರಿ ಊದಿದರೆ ಉಸಿರು ಕೊಳವೆಯೊಳಗೆ ನೀರಾಗುತ್ತದೆ. ಆಗಾಗ ಕೆಳಗಿನ ಗುಂಡಿ ಒತ್ತಿ ಕೊಡವಬೇಕು, ಇಲ್ಲದಿದ್ದರೆ ಸ್ವರ ಗೊಳಗೊಳ ಎನ್ನುತ್ತದೆ. ಯಾವತ್ತೂ ಮೋರಿಯ ಕಡೆ ತಿರುಗಿ ಕೊಡವುವವನು ಇವತ್ತು ನೂಕುನುಗ್ಗಲಲ್ಲಿ ತಪ್ಪಿದ. ಬಿದ್ದದ್ದು ನಾಲ್ಕು ಹನಿ. ಶಾಸ್ತ್ರಿಗಳು ಪಂಚೆ ಎತ್ತಿಕೊಂಡು ಹಿಂದೆ ಸರಿದರು. ಕೆಲಸದ ಗೌರಮ್ಮ ಸಗಣಿ ಸಾರಿಸಿ ಮತ್ತೆ ರಂಗೋಲಿ ಬಿಟ್ಟಳು.

"ಆ ಪೀಪಿ ಬಿಸಾಕು. ತಮಟೆ ಬಡಿ. ಅದಕ್ಕೆ ಬಾಯಿ ಬೇಕಾಗಲ್ಲ," ಎಂದರು ಚಕ್ರಪಾಣಿಯವರು.

"ತಮಟೆ ತಂದಿಲ್ಲ ಸಾರ್. ತರೋದೂ ಇಲ್ಲ."

ಹಾಗೆಂದವನು ನನ್ನ ತಮ್ಮ. ನಾನು ಇವತ್ತಿಗೂ ಇಂಥವರಿಗೆ 'ಬುದ್ದಿ' ಎನ್ನುವವನು. ನಮ್ಮಪ್ಪ ಊರ ಹೆಣಗಳ ಮುಂದೆ ತಮಟೆ ಬಡಿದು ಬಡಿದೇ ಸತ್ತ. ತಾನು ಅದನ್ನು ಮುಟ್ಟುವುದಿಲ್ಲವೆಂದು ಅವನು ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ ಹೋಗಿ, ಬ್ಯಾಂಡ್ ಮೇಷ್ಟ್ರ ಮನೆಯಲ್ಲಿ ಹಿತ್ತಾಳೆ ಉಜ್ಜುತ್ತಾ ತುತ್ತೂರಿ ಕಲಿತ. ಹೋದ ವರ್ಷ, ಅರವತ್ತೈದರಲ್ಲಿ, ಮೇಷ್ಟ್ರು ಲಂಡನ್ನಿನಿಂದ ಬಂದ ಗ್ರಾಮಫೋನ್ ಪ್ಲೇಟೊಂದನ್ನು ಹಾಕಿದರಂತೆ. ಜಮೈಕಾ ಎಂಬ ದ್ವೀಪದ ಕರಿಯರದು. "ಅನಾಥಾಲಯದಲ್ಲಿ ಕಲಿತ ಹುಡುಗರು ಕಣೋ. ಊದೋರು ಅವರು, ಪ್ಲೇಟಿನ ಮೇಲೆ ಹೆಸರು ಇನ್ಯಾರ್ದೋ" ಎಂದರಂತೆ. ಆ ಮಟ್ಟಿನಲ್ಲಿ ಪೆಟ್ಟು ಬೀಳುವುದು ಹೆಜ್ಜೆ ಇಟ್ಟಾಗಲ್ಲ, ಎತ್ತಿದಾಗ. ಅದನ್ನೇ ಊದಿ ಊದಿ ತಮ್ಮ ನನ್ನ ತಲೆ ತಿಂದಿದ್ದ.

ಅಷ್ಟರಲ್ಲಿ ಚಪ್ಪರದೊಳಗೆ ಓಲಗದವರು ನಾಗಸ್ವರದ ಎಂಜಲು ಕೊಡವಿದರು. ಮಂಟಪದ ಪಕ್ಕದಲ್ಲೇ.

"ಅದು, ಸಾರ್?" ಎಂದ ತಮ್ಮ.

"ಅದು ಮಂಗಳವಾದ್ಯ ಕಣೋ, ಹೊಲೆಯ ನನ್ನ ಮಗನೆ!"

ಗಂಡಿನ ಕಾರು ಬೀದಿ ತುದಿಗೆ ಬಂತು. ಬ್ಯಾಂಡಿಲ್ಲದೆ ಎದುರುಗೊಂಡರೆ ಬೀಗರ ಮುಂದೆ ಮಾನ ಹೋಗುತ್ತದೆ. ಚಕ್ರಪಾಣಿಯವರು ಒಳಗಿನಿಂದ ಖಾಲಿ ಡಾಲ್ಡಾ ಡಬ್ಬ, ಹುರಿ ತರಿಸಿದರು.

"ಕೊರಳಿಗೆ ಕಟ್ಕೋ. ಎಂಜಲೆಲ್ಲ ಇದರೊಳಗೆ. ಇಲ್ಲ ಅಂದ್ರೆ ಈ ಬ್ಲಾಕಲ್ಲಿ ನಿಮಗೆ ಇನ್ನೊಂದು ಮದುವೆ ಸಿಗಲ್ಲ, ನೆನಪಿರ್ಲಿ."

"ಕಟ್ಕೊಳ್ಳೋ ಚಿಕ್ಕ, ಒಂದ್ಗಳಿಗೆ," ಎಂದೆ. ಗಂಟು ಹಾಕಿದವನೂ ನಾನೇ. ಥೂ ನನ್ನ ಜನ್ಮಕ್ಕೆ.

ಗಂಡನ್ನು ಕರೆತಂದೆವು. ಹೆಜ್ಜೆ ಹೆಜ್ಜೆಗೂ ಡಬ್ಬ ತುತ್ತೂರಿಗೆ ಬಡಿಯುತ್ತಿತ್ತು. ಬೀಗಿತ್ತಿಯರು ಸೆರಗು ಅಡ್ಡ ಹಿಡಿದು ನಕ್ಕರು. ಸ್ವರ ಗೊಳಗೊಳ ಎಂದರೂ ತಮ್ಮ ಒಂದು ಸಲವೂ ಗುಂಡಿ ಒತ್ತಲಿಲ್ಲ.

ಗೇಟಿನ ಮುಂದೆ ನಿಂತ. ಡಬ್ಬ ಬಿಚ್ಚಿ ರಂಗೋಲಿಯ ನಟ್ಟನಡುವೆ ಇಟ್ಟ. ಗುಂಡಿ ಒತ್ತಿ ತುತ್ತೂರಿ ಕೊಡವಿದ, ಡಬ್ಬದೊಳಕ್ಕಲ್ಲ, ನೆಲದ ಮೇಲೆ. ಆಮೇಲೆ ಆ ಜಮೈಕಾದ ಮಟ್ಟನ್ನೇ ಎತ್ತಿದ. ಸ್ವರ ಈಗ ತಿಳಿಯಾಗಿತ್ತು.

"ಬೋರಾ! ನಿಲ್ಲಿಸೋ ಅವನನ್ನ! ನಿಮ್ಮ ಚರ್ಮ ಸುಲಿಸ್ತೀನಿ!"

ಚಕ್ರಪಾಣಿಯವರ ಕಡೆಯವರು ಇಬ್ಬರು ಗೇಟು ದಾಟಿ ಓಡಿ ಬರುತ್ತಿದ್ದರು. ಶಾಸ್ತ್ರಿಗಳು ಎಲ್ಲಿ ಇಡಬೇಕೆಂದು ತಿಳಿಯದೆ ಒಂದು ಕಾಲು ಎತ್ತಿಕೊಂಡೇ ನಿಂತಿದ್ದರು.

ಆ ಎತ್ತಿದ ಕಾಲು ನೋಡಿಕೊಂಡು ನಾನು ಡೋಲಿಗೆ ಪೆಟ್ಟು ಹಾಕಿದೆ.