ಓಟ್ಸ್ ಉಪ್ಪಿಟ್ಟಿನ ಮನೆಯವರು

ಕನ್ಯಾ ನೋಡಲು ಬಂದವರಿಗೆ ಶಿರಾ ಕೊಡದ ಮನೆಯನ್ನು ನಾನು ಜನ್ಮದಲ್ಲಿ ಮೊದಲ ಸಲ ಕಂಡದ್ದು ಇಂಡಿ ಊರಿನಲ್ಲಿ. ಉಪ್ಪಿಟ್ಟು, ಶಿರಾ, ಆಮೇಲೆ ಚಹಾ. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಹುಡುಗಿ ಒಪ್ಪಿಗೆಯಾಗಲಿ ಬಿಡಲಿ, ಬಂದವರ ಬಾಯಿ ಸಿಹಿ ಮಾಡಿಯೇ ಕಳಿಸುತ್ತಾರೆ. ಆ ಮನೆಯಲ್ಲಿ ಉಪ್ಪಿಟ್ಟೇನೋ ಬಂತು. ಬಾಯಿಗೆ ಇಟ್ಟೊಡನೆ ಅದು ರವೆಯದಲ್ಲ ಅಂತ ಗೊತ್ತಾಯಿತು.

"ಏನ್ರಿ ಇದು?" ಅಂತ ಕೇಳಿದೆ.

"ಓಟ್ಸಿಂದು ರೀ. ನಮ್ಮ ಮೃಣಾಲಿನೀನೇ ಮಾಡ್ಯಾಳ," ಅಂದರು ಹುಡುಗಿಯ ತಾಯಿ ಸುನಂದಾಬಾಯಿ.

ಉಪ್ಪಿಟ್ಟಿನ ಬೆನ್ನಿಗೆ ಓಟ್ಸ್ ವಡೆ ಬಂತು. ವಡೆಯ ಬೆನ್ನಿಗೆ ಅಜವಾನ ಹಾಕಿದ ಓಟ್ಸ್ ಬಿಸ್ಕೀಟು. ಶಿರಾ ಇರಬೇಕಾದ ವಾಟಗದಲ್ಲಿ ಓಟ್ಸ್ ಖೀರು. ಅದರಲ್ಲಿ ಬಾದಾಮಿ ಇತ್ತು, ಯಾಲಕ್ಕಿ ಇತ್ತು, ಸಕ್ಕರೆಯ ಸುಳಿವಿರಲಿಲ್ಲ. ಚಹಾಕ್ಕೂ ಸಕ್ಕರೆ ಬೇರೆ ಬಟ್ಟಲಲ್ಲಿ ತಂದಿಟ್ಟರು. ನನಗೆ ಅಲ್ಲಿಯೇ ತಲೆಯೊಳಗೆ ಹುಳ ಹೊಕ್ಕಿತು.

ನನ್ನ ಯಜಮಾನರು ಪಾಂಡುರಂಗರಾಯರು ಎರಡು ತಟ್ಟೆ ಉಪ್ಪಿಟ್ಟು ತಿಂದರು. ಅವರ ಮಾತು ಬಿಡಿ, ಪೋಸ್ಟ್ ಮಾಸ್ತರರಾಗಿ ಊರೂರಿನ ಖಾನಾವಳಿಯಲ್ಲಿ ಉಂಡವರು, ಯಾರು ಏನು ಬಡಿಸಿದರೂ ಛಲೋ ಆಗೇದ ಅನ್ನುತ್ತಾರೆ. ಆದರೆ ನನ್ನ ಮಗ ಕೌಸ್ತುಭ? ಹೋದಲ್ಲೆಲ್ಲ ಅರ್ಧ ತಟ್ಟೆ ಬಿಟ್ಟೇಳುವ ಹುಡುಗ, ತಲೆ ತಗ್ಗಿಸಿ ಎಲ್ಲವನ್ನೂ ಖಾಲಿ ಮಾಡಿದ. ಸುನಂದಾಬಾಯಿ ಮಾತು ನಮ್ಮ ಜೊತೆ ಆಡುತ್ತಿದ್ದರೂ ಅವರ ಕಣ್ಣು ಅವನ ತಟ್ಟೆಯ ಮೇಲೇ ಇತ್ತು. ಆ ನೋಟವೂ ನನಗೆ ಸರಿ ಕಾಣಲಿಲ್ಲ.

ಸಿಂದಗಿಗೆ ಮರಳುವಾಗ ಕಾರಿನಲ್ಲಿಯೇ ಹೇಳಿಬಿಟ್ಟೆ. "ಆ ಮನ್ಯಾಗ ಯಾರಿಗೋ ಸಕ್ಕರಿ ರೋಗ ಅದ. ಬರದಿಟ್ಕೋರಿ."

"ಓಟ್ಸ್ ಮಾಡಿದ್ರ ಸಕ್ಕರಿ ರೋಗ ಏನು?" ಅಂದರು ಇವರು. "ಹಂಗಾದ್ರ ನನಗೂ ಈಗ ಬಂದಿರಬೇಕು, ಎರಡು ತಟ್ಟಿ ತಿಂದೇನಿ."

ಅವರಿಗೆ ಎಲ್ಲವೂ ಚೇಷ್ಟೆ. ನಮ್ಮ ಓಣಿಯಲ್ಲಿ ಓಟ್ಸ್ ಪಾಕೀಟು ಯಾರ ಮನೆಗೆ ಹೋಗುತ್ತದೆ ಅಂತ ನನಗೆ ಗೊತ್ತಿಲ್ಲವೇ? ಡಾಕ್ಟರರು ಬರೆದುಕೊಟ್ಟವರ ಮನೆಗೆ ಮಾತ್ರ. ಯಾರೂ ಅದನ್ನು ಆಸೆಪಟ್ಟು ತಿನ್ನುವುದಿಲ್ಲ. ಗಂಜಿಯಂತೆ ಕುದಿಸಿ, ಮೂಗು ಮುರಿದು, ಔಷಧದಂತೆ ನುಂಗುತ್ತಾರೆ. ಈ ಮನೆಯವರು ವಡೆ, ಖೀರು, ಬಿಸ್ಕೀಟಿನ ತನಕ ಪಳಗಿದ್ದಾರೆಂದರೆ ರೋಗ ಹಳೆಯದೇ ಇರಬೇಕು.

ಸಕ್ಕರೆ ರೋಗ ಅಂದರೆ ನನಗೆ ಅಂಜಿಕೆ. ನನ್ನ ಅಪ್ಪನ ಕಾಲನ್ನು ಅದೇ ರೋಗದಿಂದ ಮೊಣಕಾಲಿನ ತನಕ ತೆಗೆದಿದ್ದರು. ಆ ಕಾಲಿನ ಗಾಯ ತೊಳೆದವಳು ನಾನು, ಆ ವಾಸನೆ ಇವತ್ತಿಗೂ ಮರೆತಿಲ್ಲ. ಅದಕ್ಕೇ ಹೋದ ವರ್ಷ ಮುದ್ದೇಬಿಹಾಳದ ಸಂಬಂಧವನ್ನು ಅಲ್ಲಿಯೇ ಮುರಿದು ಬಂದೆ. ಹುಡುಗಿಯ ಅಜ್ಜಿ ಊಟಕ್ಕೆ ಮೊದಲು ಒಳಗೆ ಹೋಗಿ ಸೂಜಿ ಚುಚ್ಚಿಕೊಂಡದ್ದನ್ನು ಕಂಡಿದ್ದೆ. ಅಂಥ ಮನೆಯ ಹೆಣ್ಣು ತರಬಾರದು, ಅಂಥ ಮನೆಗೆ ಹೆಣ್ಣು ಕೊಡಲೂಬಾರದು ಅಂತ ಕೌಸ್ತುಭನ ಎದುರಿಗೇ ಅಂದಿದ್ದೆ.

ಕೌಸ್ತುಭ ಕಾರು ನಡೆಸುತ್ತ ಇದನ್ನೆಲ್ಲ ಕೇಳಿಸಿಕೊಂಡಿದ್ದ. ಅವನು ಬಸವನ ಬಾಗೇವಾಡಿಯಲ್ಲಿ ಕೃಷಿ ಇಲಾಖೆಯ ನೌಕರ, ಅಲ್ಲೇ ಕೋಣೆ ಮಾಡಿಕೊಂಡಿದ್ದಾನೆ, ಶನಿವಾರ ಮನೆಗೆ ಬರುತ್ತಾನೆ. ಮನೆ ಮುಟ್ಟಿದ ಮೇಲೆ ಹೇಳಿದ.

"ಆಯಿ, ನನಗ ಹುಡುಗಿ ಒಪ್ಪಿಗಿ ಅದ. ಬ್ಯಾರೆ ಯಾವುದೂ ನೋಡೂದು ಬ್ಯಾಡ."

"ತಡಿ, ವಿಚಾರಿಸಿ ಹೇಳತೇನಿ," ಅಂದೆ.

ಅವನು ನನ್ನ ಮುಖವನ್ನು ಒಂದು ನಮೂನೆ ನೋಡಿ, ಒಳಗೆ ಹೋದ.

ಮುಂದಿನ ವಾರ, ಸಂಬಂಧಿಕರ ಮಗು ನೋಡಿ ಬರುತ್ತೇನೆ ಅಂತ ಇವರಿಗೆ ಹೇಳಿ ಇಂಡಿಯ ಬಸ್ಸು ಹತ್ತಿದೆ. ಮೊದಲು ಹೋದದ್ದು ಸುನಂದಾಬಾಯಿಯ ಓಣಿಯ ತುದಿಯ ಕಿರಾಣಿ ಅಂಗಡಿಗೆ. ಅಂಗಡಿಯವನ ಹೆಸರು ಮಾನಪ್ಪ. ಅರ್ಧ ಕಿಲೋ ಶೇಂಗಾ ತೂಗಿಸಿಕೊಳ್ಳುತ್ತ ಮಾತು ತೆಗೆದೆ. ಸಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಂದ ನಿಜ ಹೊರಡಿಸಿದವಳಿಗೆ ಅಂಗಡಿಯವನಿಂದ ಹೊರಡಿಸುವುದು ಕಷ್ಟವೇ?

"ಓಟ್ಸ್ ಏನ್ರಿ ಬಾಯಾರ? ಆ ಮನಿಗಿ ಹೊಕ್ಕೈತ್ರಿ," ಅಂದ ಮಾನಪ್ಪ. "ಮೊದಲ ಆ ಹುಡುಗಿ ಮೈದಾ, ಪುಡಿ ಸಕ್ರಿ, ಬೆಣ್ಣಿ ಒಯ್ತಿದ್ಳರಿ. ಕೇಕ್ ಮಾಡಿ ಮಾರ್ತಾಳಲ್ರಿ, ಊರಾಗ ಯಾರ ಹುಟ್ಟುಹಬ್ಬ ಇದ್ರೂ ಆಕಿದ ಕೇಕ್. ಈಗ ಒಂದ ತಿಂಗಳಾತು, ಓಟ್ಸ್ ಮ್ಯಾಲೆ ಓಟ್ಸ್ ಒಯ್ಯಾಕತ್ತಾಳ. ಯಾರಿಗವ್ವಾ ಆರಾಮಿಲ್ಲ ಅಂತ ಕೇಳಿದ್ರ ನಕ್ಕೊಂಡ ಹೋದ್ಳರಿ."

ನಕ್ಕು ಹೋದಳಂತೆ! ಒಂದು ತಿಂಗಳು. ಜಾತಕ ಕೂಡಿಬಂದು, ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಲು ಶುರು ಮಾಡಿ ಅಷ್ಟೇ ದಿನ. ನನ್ನ ಲೆಕ್ಕ ಅಲ್ಲಿಯೇ ಕೂತಿತು. ರೋಗ ಹಳೆಯದಲ್ಲ, ಹೊಸದು. ಅಂದರೆ ಮುದುಕರದಲ್ಲ, ಹುಡುಗಿಯದೇ. ಈಗಷ್ಟೇ ಗೊತ್ತಾಗಿದೆ, ಊರಿಗೆ ತಿಳಿಯುವ ಮೊದಲು ನನ್ನ ಮಗನ ಕೊರಳಿಗೆ ಕಟ್ಟಬೇಕೆಂದು ಹೊರಟಿದ್ದಾರೆ. ಶೇಂಗಾದ ಚೀಲವನ್ನು ಅಂಗಡಿಯ ಕಟ್ಟೆಯ ಮೇಲೇ ಮರೆತು ನೆಟ್ಟಗೆ ಆ ಮನೆಗೆ ನಡೆದೆ.

ಹುಡುಗಿಯ ಅಪ್ಪ ಲಿಂಬೆ ತೋಟಕ್ಕೆ ಹೋಗಿದ್ದರು. ಸುನಂದಾಬಾಯಿ ಹಿತ್ತಿಲಲ್ಲಿದ್ದರು. ಬನ್ನಿ ಅನ್ನುವವರೆಗೂ ಕಾಯದೆ ಅಡಿಗೆಮನೆಗೆ ಹೋದೆ. ಮೃಣಾಲಿನಿ ಬೋಗಾಣಿಯಲ್ಲಿ ಓಟ್ಸ್ ಹಿಟ್ಟಿಗೆ ಬಾಳೆಹಣ್ಣು ಹಿಸುಕಿ ಕಲಸುತ್ತಿದ್ದಳು. ಬದಿಯ ತಾಟಿನಲ್ಲಿ ಎರಡು ಕೇಕು ಕೆಟ್ಟು ಕೂತಿದ್ದವು. ಒಂದು ಸುಟ್ಟಿತ್ತು, ಇನ್ನೊಂದು ನಡುವೆ ಕುಸಿದಿತ್ತು.

"ಅಯ್ಯ, ಕಾಕೂ! ಹೇಳದೇ ಬಂದ್ರಿ!" ಅಂದಳು. ಗಾಬರಿಯಾಗಿದ್ದಳು. ನನಗೂ ಅದೇ ಬೇಕಿತ್ತು.

"ಸಕ್ಕರಿ ಹಾಕಿಲ್ಲೇನು?"

"ಇಲ್ರಿ ಕಾಕೂ. ಸಕ್ಕರಿ ಇಲ್ಲದ ಕೇಕ್ ಉಬ್ಬೂದಽ ಇಲ್ಲ. ಇದು ಮೂರನೇದು."

"ಯಾರ ಸಲುವಾಗಿ ಇಷ್ಟು ಒದ್ದಾಡ್ಲಿಕ್ಕತ್ತಿ?"

ಅವಳು ಇನ್ನೊಂದು ಬಾಳೆಹಣ್ಣು ಸುಲಿದು ಹಾಕಿದಳು. ಬೋಗಾಣಿಯೊಳಗೆ ಕೈಯಾಡಿಸುತ್ತ ನಿಂತಳು.

"ಖರೇ ಹೇಳವಾ," ಅಂದೆ. "ನಿಮ್ಮ ಮನ್ಯಾಗ ಯಾರಿಗೆ ಅದ?"

"ನಮ್ಮ ಮನ್ಯಾಗ ಯಾರಿಗೂ ಇಲ್ರಿ."

"ಹಂಗಾದ್ರ ನನ್ನ ಜೋಡಿ ಲ್ಯಾಬಿಗೆ ನಡಿ. ರಕ್ತಾ ತೋರಿಸಿಬಿಡೂಣು. ನಿನ್ನ ಮ್ಯಾಲೆ ಸಂಶಯ ಉಳೀಬಾರದು ನೋಡು."

ಇಂಥ ಮಾತಿಗೆ ಯಾವ ಹುಡುಗಿಯಾದರೂ ಅಳುತ್ತಾಳೆ, ಇಲ್ಲವೇ ಬಾಗಿಲು ತೋರಿಸುತ್ತಾಳೆ. ಇವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, "ನಡೀರಿ ಕಾಕೂ," ಅಂದಳು. ಇಷ್ಟು ಸಲೀಸಾಗಿ ಒಪ್ಪಿದಳೆಂದರೆ ಮಾತ್ರೆ ನುಂಗಿ ತಯಾರಾಗಿಯೇ ಇದ್ದಾಳೆ ಅಂತ ನನ್ನ ಸಂಶಯ ಮತ್ತಷ್ಟು ಬಲಿಯಿತು.

ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಸುನಂದಾಬಾಯಿ. ಎಲ್ಲ ಕೇಳಿಸಿಕೊಂಡಿದ್ದರು. ಅವರ ಮುಖ ಕೆಂಪಗಾಗಿತ್ತು.

"ನನ್ನ ಮಗಳು ಎಲ್ಲಿಗೂ ಬರೂದಿಲ್ಲ," ಅಂದರು. "ನಿಮ್ಮ ಮಗನ ರೋಗಕ್ಕ ನನ್ನ ಮಗಳ ರಕ್ತಾ ಯಾಕ ತಗೀತೀರಿ?"

"ಅವ್ವಾ, ಬ್ಯಾಡ! ನಾ ಮಾತು ಕೊಟ್ಟೇನಿ!" ಅಂತ ಮೃಣಾಲಿನಿ ಅವರ ಕೈ ಹಿಡಿದಳು.

"ನೀ ಕೊಟ್ಟೀದಿ, ನಾ ಕೊಟ್ಟಿಲ್ಲ. ಕೇಳ್ರಿ ವಸುಧಾಬಾಯಿ. ನಿಮ್ಮ ಕೌಸ್ತುಭಗ ಸಕ್ಕರಿ ರೋಗ ಬಂದು ಎಂಟು ತಿಂಗಳಾತು. ಬಾಗೇವಾಡ್ಯಾಗ ಒಬ್ಬನಽ ಮಾತ್ರಿ ತೊಗೊಂಡು ಇದ್ದಾನ. ಅವತ್ತು ನಿಮ್ಮೆದುರಿಗೆ ಶಿರಾ ಬ್ಯಾಡ ಅನ್ನೂ ಪ್ರಸಂಗ ಅವಗ ಬರಬಾರದು ಅಂತ ಈಕಿ ಎಲ್ಲಾ ಓಟ್ಸಿನ್ಯಾಗ ಮಾಡಿದ್ಳು. ವಾರಗಟ್ಟಲೆ ಮಾಡಿ ಮಾಡಿ ಕಲ್ತಾಳ."

ನಾನು ಅಲ್ಲೇ ಇದ್ದ ಮಣೆಯ ಮೇಲೆ ಕೂತೆ. ಸುಳ್ಳು ಅನ್ನಬೇಕೆಂದು ಹೊರಟವಳಿಗೆ ಅವನ ಮುಖ ಕಣ್ಣ ಮುಂದೆ ಬಂತು. ಎಂಟು ತಿಂಗಳಿಂದ ಅವನು ಸೊರಗಿದ್ದನ್ನು ನಾನೇ ಕಂಡು, ಖಾನಾವಳಿ ಊಟ ಅಂತ ಬಯ್ದು, ಡಬ್ಬಿ ತುಂಬ ಬೇಸನ್ ಉಂಡಿ ಕಟ್ಟಿ ಕಳಿಸುತ್ತಿದ್ದೆ. ಊರವರ ಅಡಿಗೆಮನೆ ಮೂಸಿ ಬಂದ ನನ್ನ ಮೂಗಿಗೆ ಸ್ವಂತ ಮಗನ ಸಂಕಟ ಹತ್ತಿರಲಿಲ್ಲ.

"ನಿನಗ ಹೇಳ್ಯಾನ. ನನಗ್ಯಾಕ ಹೇಳ್ಲಿಲ್ಲ?" ಅಂತ ಮೃಣಾಲಿನಿಯನ್ನು ಕೇಳಿದೆ.

ಅವಳು ತಾಯಿಯ ಕಡೆ ನೋಡಿ, ಆಮೇಲೆ ನನ್ನೆದುರು ಕುಕ್ಕರುಗಾಲಿನಲ್ಲಿ ಕೂತಳು. "ಮುದ್ದೇಬಿಹಾಳದವರ ಮನಿ ಬಿಟ್ಟು ಬಂದಾಗ ನೀವು ಅಂದ ಮಾತು ಅವರ ಮನಸ್ಸಿನ್ಯಾಗ ಕೂತುಬಿಟ್ಟದ ಕಾಕೂ. ಅಂಥಾ ಮನಿಗೆ ಹೆಣ್ಣು ಕೊಡಬಾರದು ಅಂತ ನಮ್ಮ ಆಯೀನೇ ಅಂತಾಳ, ಆ ಮನಿ ನಮ್ಮದೇ ಆಗೇದ, ಹೆಂಗ ಹೇಳ್ಲಿ ಅಂದ್ರು. ನಿಮ್ಮ ತಂದಿಯವರ ಕಾಲಿಂದೂ ಹೇಳಿದ್ರು. ನಿಮಗ ಮತ್ತ ಆ ಸಂಕಟ ಬ್ಯಾಡ ಅಂತ."

ಅಪ್ಪ. ಅಷ್ಟು ವರ್ಷ ಅದನ್ನು ಅಪ್ಪನ ದುರ್ದೈವ ಅಂದುಕೊಂಡಿದ್ದೆ. ಮನೆತನದ ರೋಗ ಅಂತ ಬೆರಳು ಮಾಡಿ ತೋರಿಸಿದ್ದು ಮಂದಿಯ ಮನೆಗಳಿಗೆ. ಮಗನಿಗೆ ಬಂದಿದ್ದರೆ ನನ್ನ ಕಡೆಯಿಂದಲೇ ಬಂದಿರಬೇಕು.

"ಎಲ್ಲಾ ಗೊತ್ತಿದ್ದೂ ನೀ ಹೆಂಗ ಒಪ್ಪಿದಿ?"

"ಮೊದಲನೇ ಫೋನಿನ್ಯಾಗೇ ಹೇಳಿಬಿಟ್ರು ಕಾಕೂ. ಇಂಥಾದ್ದು ಮುಚ್ಚಿಟ್ಟು ಲಗ್ನಾ ಮಾಡ್ಕೊಂಡ್ರ ನಿನಗ ಮೋಸ ಆಗತದ ಅಂದ್ರು. ನನಗ ಆ ಮಾತು ಹಿಡಿಸ್ತು."

ನನ್ನ ಮಗ ಒಳ್ಳೆಯವನು ಅಂತ ಹೆಮ್ಮೆಪಡಬೇಕಾದ ಹೊತ್ತಿನಲ್ಲಿ ನನಗೆ ಹೇಳದ್ದನ್ನು ಇವಳಿಗೆ ಹೇಳಿದನಲ್ಲ ಅಂತ ಹೊಟ್ಟೆಕಿಚ್ಚಾಯಿತು. ಎದ್ದು ನಿಂತೆ. "ಸುನಂದಾಬಾಯಿ, ನಮ್ಮ ಕಡೆಯಿಂದ ಹುಡುಗಿ ಒಪ್ಪಿಗಿ ಅದ," ಅಂದೆ.

"ಭಾಳ ಛಲೋ," ಅಂದರು ಅವರು. ಕೂರಿ ಅನ್ನಲಿಲ್ಲ. "ಈಗ ನಮ್ಮ ಪಾಳಿ. ಸಕ್ಕರಿ ರೋಗಕ್ಕ ನಾವು ಅಂಜೂದಿಲ್ಲ. ಮಗ ತನ್ನ ತಾಯಿಗೆ ಹೇಳ್ಲಿಕ್ಕೆ ಅಂಜೂ ಮನಿಗೆ ಮಗಳನ್ನ ಕೊಡೂದು ಹೆಂಗ, ಅದನ್ನ ವಿಚಾರ ಮಾಡಬೇಕು. ಮೊದಲು ಅವನೇ ನಿಮಗ ಹೇಳಲಿ. ಆಮ್ಯಾಲೆ ಫೋನ್ ಹಚ್ಚರಿ."

ಕನ್ಯಾ ನೋಡಿ ಬೇಡ ಅಂದು ಬರುವುದು ನನಗೆ ರೂಢಿ. ನಮ್ಮನ್ನೇ ಬೇಡ ಅಂದಾರು ಅಂತ ಅಂಜಿ ಬಸ್ಸು ಹತ್ತಿದ್ದು ಅದೇ ಮೊದಲು.

ಶನಿವಾರ ಕೌಸ್ತುಭ ಬಂದ. ಊಟಕ್ಕೆ ರೊಟ್ಟಿ, ಹೆಸರುಕಾಳು ಪಲ್ಯ, ಮಜ್ಜಿಗೆ ಇಟ್ಟೆ. ಸಿಹಿ ಇಡಲಿಲ್ಲ. ಇನ್ನೊಂದು ತುತ್ತು ತಿನ್ನು ಅನ್ನಲಿಲ್ಲ. ನಾಳೆ ನಾಷ್ಟಾಕ್ಕೆ ಏನು ಮಾಡಲಿ ಅಂತ ಅವನನ್ನೇ ಕೇಳಿದೆ.

ಅವನ ಕೈ ತಟ್ಟೆಯಲ್ಲೇ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದ. ಕಣ್ಣು ಸಣ್ಣದು ಮಾಡಿ, ಮುಖದಲ್ಲಿ ಏನೋ ಹುಡುಕುವಂತೆ. ಮಂದಿಯನ್ನು ಹಾಗೆ ನೋಡುವವಳು ನಾನು. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

"ಯಾಕ ಆಯಿ? ಯಾರರೆ ಏನರೆ ಹೇಳಿದ್ರೇನು?"

ಇಲ್ಲ ಅನ್ನಲೂ ಆಗಲಿಲ್ಲ, ಹೌದು ಅನ್ನಲೂ ಆಗಲಿಲ್ಲ. "ಯಾರು ಹೇಳಿದ್ರೂ ನನಗ ಬ್ಯಾಡ," ಅಂದೆ. "ನೀ ಹೇಳು. ನೀ ಹೇಳೂ ತನಕ ಇಲ್ಲೇ ಕೂತಿರ್ತೇನಿ."

ಇವರು ಮಜ್ಜಿಗೆಯ ಲೋಟ ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು. ಕೌಸ್ತುಭ ಕೈಯೊಳಗಿನ ರೊಟ್ಟಿಯ ಚೂರನ್ನು ತಟ್ಟೆಯ ಅಂಚಿಗೆ ಇಟ್ಟ. ಎದ್ದು ಹೋಗಿಬಿಡುತ್ತಾನೆ ಅಂತ ಅಂಜಿದೆ.

"ಮೊದಲು ಅಳೂದಿಲ್ಲ, ಬೈಯೂದಿಲ್ಲ ಅಂತ ಮಾತು ಕೊಡು," ಅಂದ.

"ಕೊಟ್ಟೆ."

ಅವನು ಹೇಳಿದ. ನಾನು ಅಳುವುದನ್ನೂ ಮಾಡಿದೆ, ಬೈಯುವುದನ್ನೂ ಮಾಡಿದೆ. ಅವನು ಎದ್ದು ಹೋಗಲಿಲ್ಲ.