ಎಂಬತ್ತು ಕಿಲೋ ಹೊರೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಎಂಟು ತಿಂಗಳಿಂದ ಕಂಪ್ಯೂಟರಿನೊಳಗೆ ಒಂದು ಆಂಬ್ಯುಲೆನ್ಸ್ ಕಟ್ಟಿಕೊಂಡು, ಅದರ ಹಿಂಭಾಗದಲ್ಲಿ ಏಸಿ ಗಾಳಿ ಎಲ್ಲಿ ಬಡಿಯುತ್ತದೆ, ಯಾರಿಗೆ ಸೆಕೆ, ಯಾರಿಗೆ ಚಳಿ ಎಂದು ಲೆಕ್ಕ ಹಾಕುತ್ತಾ ಕೂತಿದ್ದರೆ ಅವರಿಗೂ ಗೊತ್ತಾಗುತ್ತಿತ್ತು. ಪರದೆಯ ಮೇಲೆ ತಣ್ಣಗಿದ್ದದ್ದು ನೀಲಿ, ಬಿಸಿಯಿದ್ದದ್ದು ಕೆಂಪು, ಹಿತವಾಗಿದ್ದದ್ದು ಹಸಿರು. ಅಂತೂ ಇಂತೂ ಎಲ್ಲ ಸೀಟುಗಳೂ ಹಸಿರಾದವು. ಇವತ್ತು ನಾಲ್ಕು ಗಂಟೆಗೆ ನಾನು ಸಹಿ ಹಾಕಿದರೆ ಗಾಳಿಕಿಂಡಿಯ ಅಚ್ಚು ಕೊರೆಯಲು ಶುರುಮಾಡುತ್ತಾರೆ. ಆಮೇಲೆ ನಮ್ಮ ಕಂಪನಿ ತಯಾರಿಸುವ ಆರುನೂರು ಗಾಡಿಗಳಿಗೂ ಅದೇ ಕಿಂಡಿ, ಅದೇ ಗಾಳಿ.

ಬೆಳಿಗ್ಗೆ ತಂಗಿಯನ್ನು ಆಫೀಸಿಗೆ ಕರೆಸಿಕೊಂಡಿದ್ದೆ. ಅವಳು ಆಂಬ್ಯುಲೆನ್ಸಿನಲ್ಲೇ ನರ್ಸ್. ನಿಜ ಹೇಳಬೇಕೆಂದರೆ, ಹೊಗಳಿಸಿಕೊಳ್ಳುವ ಆಸೆ. ಅವಳು ಪರದೆಯತ್ತ ಬಗ್ಗಿ, "ಅಕ್ಕಾ, ಪೇಷಂಟ್ ಎಲ್ಲಿ?" ಎಂದಳು.

"ಅಲ್ಲೇ ಇದೆಯಲ್ಲೇ, ಸ್ಟ್ರೆಚರ್ ಮೇಲೆ."

"ಅದು ಹಲಗೆ ಥರ ಇದೆ. ಬಣ್ಣಾನೇ ಬಂದಿಲ್ಲ."

ನಗುತ್ತಲೇ ಪಟ್ಟಿ ತೆರೆದೆ. ಪ್ರಯಾಣಿಕರು: ಮೂವರು. ಹೊರೆ: ರೋಗಿ, ಎಂಬತ್ತು ಕಿಲೋ. ತೂಕ ನೋಡುವ ವಿಭಾಗದವರಿಗೆ ರೋಗಿಯೆಂದರೆ ಭಾರ, ಅಷ್ಟೇ. ಬ್ರೇಕಿನ ಲೆಕ್ಕಕ್ಕೆ ಅದು ಸಾಕು. ಅವರ ಪಟ್ಟಿಯನ್ನು ಮೊದಲ ವಾರವೇ ಹಾಗೇ ಎತ್ತಿ ಹಾಕಿಕೊಂಡವಳು ನಾನು. ಕೂತವರಿಗೆಲ್ಲ ಮೈಬಿಸಿ ಕೊಟ್ಟೆ, ಬೆವರು ಕೊಟ್ಟೆ, ಉಸಿರು ಕೊಟ್ಟೆ. ಯಾರಿಗಾಗಿ ಗಾಡಿ ಓಡುತ್ತದೋ ಅವರಿಗೆ ಏನೂ ಕೊಟ್ಟಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ನನ್ನನ್ನೇ ಬೈದುಕೊಂಡೆ.

ಸ್ಟ್ರೆಚರಿನ ಮೇಲೆ ನಿಜವಾದ ಮೈಬಿಸಿಯ ಒಂದು ದೇಹ ಮಲಗಿಸಿ ಮತ್ತೆ ಲೆಕ್ಕಕ್ಕೆ ಬಿಟ್ಟೆ. ಊಟದ ಹೊತ್ತಿಗೆ ಉತ್ತರ ಬಂತು. ಕತ್ತಿನಿಂದ ಮಂಡಿಯವರೆಗೂ ಕಡುನೀಲಿ. ತಣ್ಣನೆಯ ಗಾಳಿ ಮೊದಲು ರೋಗಿಯ ಎದೆಗೆ ಬಡಿದು, ಅಲ್ಲಿ ಹದವಾಗಿ ನರ್ಸಿನ ಸೀಟಿಗೆ ಬರುತ್ತಿತ್ತು.

"ರಕ್ತ ಹೋದೋರಿಗೆ ಮೊದಲೇ ಮೈ ತಣ್ಣಗಾಗ್ತಿರುತ್ತೆ ಅಕ್ಕಾ," ಎಂದಳು ತಂಗಿ. "ಕಂಬಳಿ ಹೊದಿಸಿದ್ರೂ ಸೂಜಿ ಹಾಕೋಕೆ, ಎದೆ ನೋಡೋಕೆ ತೆಗೀಲೇಬೇಕು." ಅವಳು ಡ್ಯೂಟಿಗೆ ಹೋದಳು. ನಾನು ನಮ್ಮ ವಿಭಾಗದ ಸಾಹೇಬರ ಕೋಣೆಗೆ ಹೋದೆ.

ಅವರು ಚಿತ್ರವನ್ನು ದೂರ ಹಿಡಿದು ನೋಡಿದರು. "ಹಳೇ ಗಾಡೀಲೂ ಕಿಂಡಿ ಇದೇ ಜಾಗದಲ್ಲಿ ಇದ್ದದ್ದು. ಯಾರಾದ್ರೂ ದೂರು ಕೊಟ್ಟಿದ್ದಾರಾ?"

"ಪ್ರಜ್ಞೆ ಇಲ್ಲದೋರು ಹೇಗೆ ದೂರು ಕೊಡ್ತಾರೆ ಸಾರ್?"

"ನಿಯಮದಲ್ಲಿ ಕೇಳಿರೋದು ಕೂತವರ ಲೆಕ್ಕ. ಅದು ಹಸಿರಾಗಿದೆಯಲ್ಲ, ಸಹಿ ಹಾಕಿ."

ಅರ್ಧ ಗಂಟೆ ಹೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಸಹಿ ಹಾಕುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಿಂಡಿ ಬದಲಾಯಿಸಿದ್ರೆ ಆರು ವಾರ ತಡ ಆಗುತ್ತೆ. ತಡಕ್ಕೆ ಯಾರು ಕಾರಣ ಅಂತ ಬರೀಬೇಕು. ಯಾರ ಹೆಸರು ಬರೀಲಿ?"

ತೂಕದ ವಿಭಾಗ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ನಂದೇ ಬರೀರಿ."

"ಮುಂದಿನ ತಿಂಗಳು ತಂಡ ನಿಮ್ಮ ಕೈಗೆ ಬರೋದಿತ್ತು. ಅದು ಹೋಗುತ್ತೆ, ನೋಡಿ."

"ಗೊತ್ತು ಸಾರ್."

ಅವರು ಬರೆದರು, ಒತ್ತಿ ಒತ್ತಿ ಬರೆದರು. ಬರೆದು ಮುಗಿಸಿ, "ಹೊಸ ಲೆಕ್ಕಕ್ಕೆ ರೋಗಿಯ ವಯಸ್ಸು, ಎತ್ತರ, ತೂಕ ತುಂಬಬೇಕಲ್ಲ. ಯಾರದು ಹಾಕ್ತೀರಾ?" ಎಂದರು.

"ನಿಮ್ಮದು ಕೊಡಿ ಸಾರ್. ನಿಮ್ಮನ್ನೇ ಮಲಗಿಸ್ತೀನಿ."

ಕೋಪದಲ್ಲಿ ಆಡಿದ ಮಾತು. ಅವರು ಬೈಯುತ್ತಾರೆಂದು ಕಾದೆ. ಅವರು ಚಿತ್ರವನ್ನು ಮತ್ತೆ ಎತ್ತಿಕೊಂಡರು, ಈ ಸಲ ಹತ್ತಿರ ಹಿಡಿದರು. ವಯಸ್ಸು ಐವತ್ತೆಂಟು ಎಂದರು. ಎತ್ತರ ಹೇಳಿದರು, ತೂಕ ಹೇಳಿದರು. ಚಿತ್ರ ಕೆಳಗಿಟ್ಟು, "ನಂಗೆ ಚಳಿ ಆಗಿಬರಲ್ಲ," ಎಂದರು ಮೆಲ್ಲಗೆ.

"ಪಟ್ಟೀಲಿ ಅದನ್ನ ಬರೆಯೋಕೆ ಜಾಗ ಇಲ್ಲ ಸಾರ್," ಎಂದೆ.